ಹಿಂದಿನ ಆಸನದಿಂದ ನೋಡಿದ ಕಾರು

ಕಾರು ಕೊಳ್ಳುವ ಮಾತು ಮನೆಯಲ್ಲಿ ಎದ್ದಾಗ ಮೊದಲು ಬಾಯಿ ತೆರೆಯುವವರು ಅದನ್ನು ನಡೆಸತಕ್ಕವರು. ಎಂಜಿನ್ನಿನ ಶಕ್ತಿ ಎಷ್ಟು, ಬಣ್ಣ ಯಾವುದು, ಮುಂದಿನ ಪರದೆ ಎಷ್ಟು ಅಗಲ ಎಂಬ ಚರ್ಚೆಯಲ್ಲಿಯೇ ವಾರಗಳು ಕಳೆದುಹೋಗುತ್ತವೆ. ಹಿಂದೆ ಕುಳಿತು ಪ್ರಯಾಣ ಮಾಡಬೇಕಾದ ಮುದುಕರನ್ನೂ ಹೆಂಗಸರನ್ನೂ ಕೇಳುವುದು ಮುಂಗಡ ಹಣ ಕೊಟ್ಟ ಮೇಲೆ. ಅದೂ ಅಭಿಪ್ರಾಯಕ್ಕಾಗಿ ಅಲ್ಲ, ಹೊಗಳಿಕೆಗಾಗಿ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಗುವುದರಲ್ಲಿತ್ತು. ಆಗಲಿಲ್ಲ. ಅದು ಆಗದಿದ್ದ ಕಾರಣವನ್ನೂ, ಆ ನೆಪದಲ್ಲಿ ಒಂದು ಸಾಧಾರಣ ಕಾರಿನ ಗುಣದೋಷಗಳನ್ನು ನಾವು ತೂಗಿ ನೋಡಿದ ಬಗೆಯನ್ನೂ ವಾಚಕರ ಮುಂದಿಡಬಯಸುತ್ತೇನೆ. ಗಡಿಯ ಈಚೆಗಿರುವ ನಮ್ಮಂಥ ಕುಟುಂಬಗಳಲ್ಲಿ ಇಂಥ ಪ್ರಶ್ನೆ ಇಂದಲ್ಲ ನಾಳೆ ಏಳುವಂಥದೇ ಆಗಿದೆ.

ನಾವಿರುವುದು ತುಡಿಯಲೂರಿನಲ್ಲಿ. ಕೊಯಮತ್ತೂರಿನಿಂದ ಮೇಟ್ಟುಪಾಳಯಕ್ಕೆ ಹೋಗುವ ಹೆದ್ದಾರಿಯ ಮೇಲಿನ ಈ ಊರು 2011ರಲ್ಲಿ ಕೊಯಮತ್ತೂರು ಮಹಾನಗರಪಾಲಿಕೆಯೊಳಗೆ ಸೇರಿಹೋಯಿತು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು; ನಮ್ಮ ಪಾಲಿಗೆ ಇದು ಮೂರು ತಲೆಮಾರಿನ ರೂಢಿ. ಆದರೆ ಹೆಣ್ಣು ಕೊಟ್ಟು ತಂದ ಸಂಬಂಧಗಳು ಘಟ್ಟದ ಮೇಲೆಯೂ ಉಂಟು. ನನ್ನ ಹಿರಿಯ ಅಕ್ಕನನ್ನು ಕೊಟ್ಟಿರುವುದು ಚಾಮರಾಜನಗರಕ್ಕೆ. ಸರವಣಂಪಟ್ಟಿಯ ಮೇಲೆ ಹಾದು, ಅಣ್ಣೂರು, ಪುಳಿಯಂಪಟ್ಟಿ, ಸತ್ಯಮಂಗಲಗಳನ್ನು ದಾಟಿ, ಬಣ್ಣಾರಿ ಅಮ್ಮನಿಗೆ ಕೈಮುಗಿದು, ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಏರಿ, ಹಾಸನೂರಿನ ಕಾಡು ಹಾದರೆ ಅಕ್ಕನ ಊರು. ಹೆಚ್ಚೆಂದರೆ ನೂರ ನಲವತ್ತು ಕಿಲೋಮೀಟರಿನ ಆಸುಪಾಸು. ದೂರ ದೊಡ್ಡದಲ್ಲ. ಆದರೂ ಎಪ್ಪತ್ತೊಂಬತ್ತು ವರ್ಷದ ನಮ್ಮ ತಾಯಿಯವರು ಆ ದೂರವನ್ನು ದಾಟದೆ ಮೂರು ವರ್ಷಗಳಾಗಿದ್ದವು.

ಅವರ ಎರಡು ಮೊಣಕಾಲಿಗೂ ಶಸ್ತ್ರಚಿಕಿತ್ಸೆಯಾಗಿದೆ. ನಡೆಯಬಲ್ಲರು, ಆದರೆ ಬಸ್ಸಿನ ಮೆಟ್ಟಿಲು ಹತ್ತಲಾರರು. ಮನೆಯಲ್ಲಿದ್ದ ಹಳೆಯ ಸಣ್ಣ ಕಾರಿನ ಹಿಂದಿನ ಆಸನದಲ್ಲಿ ಕಾಲು ಮಡಚಿ ಕುಳಿತರೆ ಅಣ್ಣೂರು ತಲಪುವ ಮುನ್ನವೇ ನೋವು. ಅತ್ತ ಅಕ್ಕನಿಗೂ ಇಳಿದು ಬರುವ ಅನುಕೂಲವಿಲ್ಲ; ಪಾರ್ಶ್ವವಾಯು ಬಡಿದು ಮಲಗಿರುವ ಭಾವನವರನ್ನು ಬಿಟ್ಟು ಒಂದು ರಾತ್ರಿ ಹೊರಗೆ ಕಳೆಯುವುದೂ ಅವಳಿಗೆ ಕಷ್ಟ. ತಾಯಿ ಮಗಳು ಪರಸ್ಪರರನ್ನು ಕಾಣುತ್ತಿದ್ದುದು ಫೋನಿನ ಪರದೆಯಲ್ಲಿ ಮಾತ್ರ. ಕಾರು ಬದಲಾಯಿಸುವ ಯೋಚನೆ ಹುಟ್ಟಿದ್ದು ಈ ಸಂಕಟದಿಂದಲೇ ಹೊರತು ಅಂತಸ್ತಿನ ಆಸೆಯಿಂದಲ್ಲವೆಂಬುದನ್ನು ಮೊದಲೇ ಹೇಳಿಬಿಡುವುದು ಲೇಸು.

ನನ್ನ ಮಗನ ಅಭಿಪ್ರಾಯ ಬೇರೆಯಾಗಿತ್ತು. ಈಗ ಎಲ್ಲೆಲ್ಲಿಯೂ ಕಾಣುವ, ಎತ್ತರವಾದ, ಜೀಪಿನ ಮುಖದ ಹೊಸ ಕಾರೊಂದನ್ನು ಐದು ವರ್ಷದ ಕಂತಿನಲ್ಲಿ ತೆಗೆದುಕೊಳ್ಳೋಣವೆಂದು ಅವನು ಹಟ ಹಿಡಿದ. ನೆರೆಮನೆಯವರಲ್ಲಿ ಅಂಥದೊಂದು ಇತ್ತು. ಒಂದು ಸಂಜೆ ತಾಯಿಯವರನ್ನು ಅದರ ಬಳಿಗೆ ಕರೆದೊಯ್ದೆವು. ಒಂದು ಕೈಯಲ್ಲಿ ಬಾಗಿಲನ್ನೂ ಇನ್ನೊಂದು ಕೈಯಲ್ಲಿ ನನ್ನ ಭುಜವನ್ನೂ ಹಿಡಿದು ಕಾಲೆತ್ತಲು ಎರಡು ಸಲ ನೋಡಿ, "ಇದಕ್ಕೆ ಒಂದು ಏಣೀನೂ ಕೊಂಡುಕೊಳ್ಳಬೇಕಲ್ಲ ಮಗಾ" ಎಂದು ಹಿಂದಕ್ಕೆ ಸರಿದರು.

ಅದಾದ ಹದಿನೈದು ದಿನಕ್ಕೆ ಆಸ್ಪತ್ರೆಯ ತಪಾಸಣೆಗೆಂದು ಬಾಡಿಗೆ ಕಾರು ತರಿಸಿದೆವು. ಬಂದದ್ದು ಬಿಳಿಯ ಬಣ್ಣದ ಟೊಯೋಟಾ ಎಟಿಯೋಸ್. ತಾಯಿಯವರು ಅಗಲವಾಗಿ ತೆರೆದ ಬಾಗಿಲಿಗೆ ಬೆನ್ನು ಮಾಡಿ ನಿಂತು, ಕುರ್ಚಿಯ ಮೇಲೆ ಕುಳಿತುಕೊಳ್ಳುವಂತೆ ಕುಳಿತು, ಆಮೇಲೆ ಒಂದೊಂದಾಗಿ ಕಾಲುಗಳನ್ನು ಒಳಕ್ಕೆ ಎಳೆದುಕೊಂಡರು. ನನ್ನ ಕೈ ಚಾಚಿಯೇ ಇತ್ತು; ಅದು ಬೇಕಾಗಲಿಲ್ಲ. ಒಳಗೆ ಕಾಲು ನೀಡಿಕೊಂಡು, "ಇಂಥದು ಸಾಕಾಗಿತ್ತು ನಮಗೆ" ಎಂದರು. ಮುಂದೆ ಕುಳಿತಿದ್ದ ಮಗನ ಮುಖ ಸಪ್ಪಗಾಯಿತು. "ಅದು ಟ್ಯಾಕ್ಸಿ ಅಜ್ಜಿ" ಎಂದ. ಅವನ ಆ ಒಂದು ಮಾತಿನಲ್ಲಿ ಈ ಕಾರಿನ ದೊಡ್ಡ ಗುಣವೂ ದೊಡ್ಡ ಅಪಖ್ಯಾತಿಯೂ ಎರಡೂ ಅಡಗಿದ್ದವು.

ಈ ಕಾರು ಹುಟ್ಟಿದ್ದು ಕನ್ನಡದ ನೆಲದಲ್ಲಿ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ತಟ್ಟೆ ಇಡ್ಲಿಗೆ ಹೆಸರಾದ ಬಿಡದಿಯಲ್ಲಿ, ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆಯಿದೆ. 1997ರಲ್ಲಿ ಸ್ಥಾಪಿತವಾದ ಈ ಸಂಸ್ಥೆ ಮೊದಲು ಕ್ವಾಲಿಸ್ ಎಂಬ ವಾಹನವನ್ನು ಹೊರತಂದಿತು. ಆಮೇಲೆ ಭಾರತದ ರಸ್ತೆಗಳಿಗೂ ಭಾರತದ ಜೇಬಿಗೂ ತಕ್ಕ ಕಾರೊಂದನ್ನು ಮೊದಲಿನಿಂದ ರೂಪಿಸಬೇಕೆಂದು ಜಪಾನಿನ ಎಂಜಿನಿಯರುಗಳು ವರ್ಷಗಟ್ಟಲೆ ಇಲ್ಲಿ ಓಡಾಡಿ 2010ರ ಡಿಸೆಂಬರಿನಲ್ಲಿ ಎಟಿಯೋಸನ್ನು ಬಿಡುಗಡೆ ಮಾಡಿದರು. ಗ್ರೀಕ್ ಭಾಷೆಯ 'ಈಥೋಸ್' ಎಂಬ ಶಬ್ದದಿಂದ ಬಂದ ಹೆಸರಂತೆ. ಆರಂಭದ ಬೆಲೆ 4 ಲಕ್ಷ 96 ಸಾವಿರ ರೂಪಾಯಿ. ಅಂದು ಆ ಹಣಕ್ಕೆ ಆ ಹೆಸರಿನ, ಆ ಅಳತೆಯ ಕಾರು ದೊರೆಯುವುದೆಂದರೆ ಸಣ್ಣ ಸುದ್ದಿಯಾಗಿರಲಿಲ್ಲ. 2011ರಲ್ಲಿ ಡೀಸೆಲ್ ಮಾದರಿಯೂ ಬಂದಿತು. 2020ರ ಏಪ್ರಿಲ್ 1ರಂದು ಹೊಗೆಯ ಹೊಸ ಕಟ್ಟಳೆ ಜಾರಿಗೆ ಬಂದಾಗ, ಅದಕ್ಕೆ ತಕ್ಕಂತೆ ಎಂಜಿನ್ ತಿದ್ದುವ ಬದಲು ಸಂಸ್ಥೆಯವರು ಇದರ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟರು. ಆದಕಾರಣ ಇಂದು ಇದನ್ನು ಕೊಳ್ಳುವುದೆಂದರೆ ಹಳೆಯದನ್ನೇ ಕೊಳ್ಳುವುದು.

ಹೊಸದೊಂದನ್ನು ಇದೇ ಅಳತೆಯಲ್ಲಿ ಏಕೆ ಕೊಳ್ಳಬಾರದೆಂದು ವಾಚಕರು ಕೇಳಬಹುದು. ನಾನೂ ಕೇಳಿದೆ. ಉತ್ತರ ಸರಕಾರದ ತೆರಿಗೆಯಲ್ಲಿದೆ. 2006ರ ಮುಂಗಡಪತ್ರದಲ್ಲಿ, ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಸಣ್ಣ ಎಂಜಿನ್ನಿನ ಕಾರುಗಳಿಗೆ ಸುಂಕ ಕಡಿಮೆ ಮಾಡಿದರು. ಕೂಡಲೇ ಕಾರ್ಖಾನೆಯವರು ಅಳತೆಗೋಲು ಕತ್ತರಿ ಹಿಡಿದು ಕುಳಿತರು. 2008ರಲ್ಲಿ ಟಾಟಾ ಇಂಡಿಗೋ ಡಿಕ್ಕಿಯನ್ನು ಕುಗ್ಗಿಸಿಕೊಂಡು ಬಂದಿತು. 2012ರಲ್ಲಿ ಮಾರುತಿ ಡಿಜೈರ್ ಕೂಡ ಬಾಲ ಕತ್ತರಿಸಿಕೊಂಡು ನಾಲ್ಕು ಮೀಟರಿನೊಳಗೆ ಬಂದು ನಿಂತಿತು. ಎಟಿಯೋಸ್ ಉದ್ದ 4 ಮೀಟರ್ 26 ಸೆಂಟಿಮೀಟರ್. ಅದು ಕತ್ತರಿಗೆ ಬಾಲ ಕೊಡಲಿಲ್ಲ, ಹೆಚ್ಚಿನ ಸುಂಕ ತೆತ್ತಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಸರಕು ಸೇವಾ ತೆರಿಗೆಯ ಹೊಸ ದರಗಳಲ್ಲಿ ಈ ಅಂತರ ಇನ್ನೂ ಢಾಳಾಗಿದೆ: ಸಣ್ಣದಕ್ಕೆ ಶೇಕಡಾ 18, ಉಳಿದುದಕ್ಕೆ ಶೇಕಡಾ 40. ಇದರ ನಡುವೆ ಮಧ್ಯಮ ಅಳತೆಯ, ಮಧ್ಯಮ ಬೆಲೆಯ ಸೆಡಾನ್ ಎಂಬ ಜಾತಿಯೇ ಸೊರಗಿಹೋಯಿತು. ಅನೇಕ ಮನೆಗಳಿಗೆ ಪ್ರಿಯವಾಗಿದ್ದ ಮಾರುತಿ ಸಿಯಾಜ್ ಕೂಡ 2025ರಲ್ಲಿ ನಿಂತಿತು. ಉಳಿದಿರುವ ಒಂದೆರಡು ಉತ್ತಮ ಕಾರುಗಳ ಬೆಲೆ ನನ್ನ ನಿವೃತ್ತಿಯ ಹಣಕ್ಕೆ ಎಟುಕುವಂಥದಲ್ಲ. ಐದೂವರೆ ಲಕ್ಷ ನಮ್ಮ ಮಿತಿ. ಸಾಲ ಬೇಡವೆಂಬುದು ನನ್ನ ಹೆಂಡತಿಯ ಷರತ್ತು.

ಇನ್ನು ಗುಣಗಳ ಮಾತು. ಎಟಿಯೋಸಿನ ಮುಖ್ಯ ಗುಣ ಒಳಗಿನ ಅವಕಾಶ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವಿನ ಅಂತರ 2 ಮೀಟರ್ 55 ಸೆಂಟಿಮೀಟರ್. ಹಿಂದಿನ ಆಸನದ ಮುಂದಿನ ನೆಲ ಸಮತಟ್ಟಾಗಿದೆ. ಅನೇಕ ಕಾರುಗಳಲ್ಲಿ ಇರುವಂತೆ ನಡುವೆ ದಿಣ್ಣೆಯೇಳುವುದಿಲ್ಲ. ಮೂರನೆಯವರಾಗಿ ನಡುವೆ ಕುಳಿತುಕೊಳ್ಳುವ ಹಣೆಬರಹ ನಮ್ಮ ಮನೆಗಳಲ್ಲಿ ಯಾರದೆಂದು ಹೇಳಬೇಕಾಗಿಲ್ಲ. ಮದುವೆಯಾಗಿ ಬಂದ ಸೊಸೆಯದು, ಇಲ್ಲವೆ ಹತ್ತು ವರ್ಷದ ಮಗುವಿನದು. ಅವರ ಕಾಲಿಗೂ ಇಲ್ಲಿ ನೆಲವುಂಟು. ಡಿಕ್ಕಿಯ ಅಳತೆ 595 ಲೀಟರು. ಅಂಕಿಯಲ್ಲಿ ಹೇಳಿದರೆ ಅರ್ಥವಾಗದು. ತಾಯಿಯವರ ನಡೆಗೋಲು ಚೌಕಟ್ಟು, ಮಡಚುವ ಗಾಲಿಕುರ್ಚಿ, ಎರಡು ದೊಡ್ಡ ಪೆಟ್ಟಿಗೆ, ಮೇಲೆ ಅಕ್ಕನಿಗೆಂದು ಕಟ್ಟಿದ ತೆಂಗಿನಕಾಯಿ ಚೀಲ ಇವೆಲ್ಲ ಹಿಡಿದು ಮುಚ್ಚಳ ಒಂದೇ ಸಲಕ್ಕೆ ಮುಚ್ಚಿತು.

ಡಿಕ್ಕಿಯ ಬಗ್ಗೆ ನಮ್ಮ ಜನಕ್ಕಿರುವ ಮೋಹ ಹಳೆಯದು. ಹಿಂದೂಸ್ತಾನ್ ಅಂಬಾಸಿಡರ್ 1950ರ ದಶಕದ ಕೊನೆಯಿಂದ 2014ರವರೆಗೆ ಬಾಳಿದ್ದಕ್ಕೆ ಅದರ ಓಟ ಕಾರಣವಲ್ಲ, ಅದರ ಹೊಟ್ಟೆ ಕಾರಣ. ಪ್ರೀಮಿಯರ್ ಪದ್ಮಿನಿಯೂ ಅಂಥದೇ. ಕೊಯಮತ್ತೂರಿನವರಿಗೆ ಮೋಟಾರಿನ ವಿಷಯದಲ್ಲಿ ಸ್ವಲ್ಪ ಹೆಚ್ಚೇ ಅಭಿಮಾನ. 1920ರಲ್ಲಿ ಪೊಳ್ಳಾಚಿಗೂ ಪಳನಿಗೂ ನಡುವೆ ಒಂದು ಬಸ್ಸನ್ನು ತಾವೇ ಓಡಿಸಿ ಆರಂಭಿಸಿದ ಜಿ. ಡಿ. ನಾಯ್ಡು ಅವರ ಊರಲ್ಲವೆ ಇದು? ಅವಿನಾಶಿ ರಸ್ತೆಯಲ್ಲಿ ಅವರ ಹೆಸರಿನ ಸಂಸ್ಥೆಯವರು ಇಟ್ಟಿರುವ ಕಾರುಗಳ ವಸ್ತುಸಂಗ್ರಹಾಲಯಕ್ಕೆ ಹೋದವರು ಒಂದು ಮಾತನ್ನು ಗಮನಿಸಿರಬಹುದು: ನೂರು ವರ್ಷದ ಹಿಂದೆಯೂ ಒಳ್ಳೆಯ ಕಾರೆಂದರೆ ಹಿಂದಿನ ಆಸನಕ್ಕೆ ಮರ್ಯಾದೆ ಕೊಟ್ಟ ಕಾರೇ ಆಗಿತ್ತು. ಇದು ವಿಷಯಾಂತರ; ಇರಲಿ.

ಎಂಜಿನ್ನು ಎರಡು ಬಗೆ. ಪೆಟ್ರೋಲಿನದು 1496 ಘನ ಸೆಂಟಿಮೀಟರ್, 90 ಅಶ್ವಶಕ್ತಿ. ಡೀಸೆಲಿನದು 1364 ಘನ ಸೆಂಟಿಮೀಟರ್, 68 ಅಶ್ವಶಕ್ತಿ. ಅಂಕಿ ನೋಡಿ ಡೀಸೆಲನ್ನು ಬಡವೆಂದು ತಳ್ಳಿಬಿಡಬಾರದು. ಅಶ್ವಶಕ್ತಿ ಓಟದ ಲೆಕ್ಕ. ಏರಿನಲ್ಲಿ ಬೇಕಾದುದು ಎಳೆತ. ಡೀಸೆಲಿನ ಎಳೆತ ಪೆಟ್ರೋಲಿನದಕ್ಕಿಂತ ಹೆಚ್ಚು, ಮತ್ತು ಅದು ಎಂಜಿನ್ನು ನಿಧಾನವಾಗಿ ತಿರುಗುವಾಗಲೇ ಕೈಗೆ ಬರುತ್ತದೆ. ಐದು ಜನ ಕುಳಿತು ದಿಂಬಂ ಏರುವಾಗ, ಮುಂದೆ ಲಾರಿಯೊಂದು ತಿರುವಿನಲ್ಲಿ ನಿಂತು, ನಾವೂ ಏರಿನ ಮಧ್ಯದಲ್ಲಿ ನಿಂತು ಮತ್ತೆ ಹೊರಡಬೇಕಾದಾಗ ಈ ವ್ಯತ್ಯಾಸ ತಿಳಿಯುತ್ತದೆ. ಪೆಟ್ರೋಲ್ ಕಾರು ಅಲ್ಲಿ ಮೊದಲನೆಯ ಗೇರಿಗೆ ಇಳಿದು ಸ್ವಲ್ಪ ಕೂಗಿ ಹೊರಡುತ್ತದೆ. ಡೀಸೆಲ್ ಗೊಣಗಿಕೊಂಡು ಹೊರಡುತ್ತದೆ. ಹೊರಡದೆ ಇರುವುದಿಲ್ಲ, ಎರಡೂ. ಪೆಟ್ರೋಲ್ ಎಟಿಯೋಸ್ ತೂಕ ಒಂದು ಟನ್ನಿಗಿಂತ ಕಡಿಮೆಯಾದುದರಿಂದ ಅಷ್ಟು ಎಂಜಿನ್ನು ಅದಕ್ಕೆ ಧಾರಾಳವಾಯಿತು.

ಖರ್ಚಿನ ಲೆಕ್ಕವನ್ನು ನನ್ನ ಹೆಂಡತಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಹಾಕಿದಳು. ಅಧಿಕೃತ ಪರೀಕ್ಷೆಯಲ್ಲಿ ಡೀಸೆಲ್ ಲೀಟರಿಗೆ 23.59 ಕಿಲೋಮೀಟರ್, ಪೆಟ್ರೋಲ್ 16.78 ಕೊಟ್ಟಿದ್ದವು. ರಸ್ತೆಯಲ್ಲಿ ಅಷ್ಟು ಸಿಗದು; ಡೀಸೆಲಿಗೆ 19, ಪೆಟ್ರೋಲಿಗೆ 14 ಎಂದಿಟ್ಟುಕೊಂಡೆವು. ವರ್ಷಕ್ಕೆ ನಾವು ಓಡುವುದು ಆರು ಸಾವಿರ ಕಿಲೋಮೀಟರು. ಲೀಟರು ಪೆಟ್ರೋಲಿಗೆ ನೂರು ರೂಪಾಯಿ, ಡೀಸೆಲಿಗೆ ತೊಂಬತ್ತಮೂರು ಎಂದು ಹಿಡಿದರೆ ಪೆಟ್ರೋಲಿನ ಖರ್ಚು ಸುಮಾರು 43 ಸಾವಿರ, ಡೀಸೆಲಿನದು 29 ಸಾವಿರ. ವರ್ಷಕ್ಕೆ ಹದಿನಾಲ್ಕು ಸಾವಿರದ ಉಳಿತಾಯ. ಆದರೆ ನಾವು ನೋಡಿದ ಕಾರುಗಳಲ್ಲಿ ಡೀಸೆಲಿನದು ಅದೇ ವರ್ಷದ ಪೆಟ್ರೋಲಿಗಿಂತ ತೊಂಬತ್ತು ಸಾವಿರ ಹೆಚ್ಚಿತ್ತು. ಆ ಅಂತರ ತೀರಲು ಆರು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಕಾರಿಗೂ ವಯಸ್ಸಾಗುತ್ತದೆ, ನಮಗೂ ಆಗುತ್ತದೆ. ದಿನವೂ ತಿರುಪ್ಪೂರಿಗೋ ಅವಿನಾಶಿಗೋ ಹೋಗಿಬರುವ ವ್ಯಾಪಾರಸ್ಥರಾದರೆ ಲೆಕ್ಕ ತಿರುಗಿ ಬೀಳುತ್ತದೆ. ಅವರಿಗೆ ಡೀಸೆಲೇ ಸರಿ. ಪೆಟ್ರೋಲಿನಲ್ಲಿ ಇನ್ನೊಂದು ತೊಡಕುಂಟು. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆತ ಪೆಟ್ರೋಲು. 2023ಕ್ಕೆ ಹಿಂದಿನ ಕಾರುಗಳು ಇದಕ್ಕೆಂದು ರೂಪುಗೊಂಡವಲ್ಲ. ಮೈಲೇಜು ಸ್ವಲ್ಪ ಇಳಿಯುತ್ತದೆ; ಹಳೆಯ ಕಾರಿನ ರಬ್ಬರ್ ಕೊಳವೆಗಳನ್ನು ಮೆಕ್ಯಾನಿಕ್ಕಿನಿಂದ ಆಗಾಗ ನೋಡಿಸುವುದು ಒಳ್ಳೆಯದು.

ದೋಷಗಳ ಪಟ್ಟಿಯನ್ನು ಮಗ ಒಪ್ಪಿಸಿದ. ಅವನಿಗೆ ಅದರಲ್ಲಿ ಉತ್ಸಾಹವಿದ್ದುದರಿಂದ ಪಟ್ಟಿ ಪೂರ್ಣವಾಗಿಯೇ ಇತ್ತು. ವೇಗ ತೋರಿಸುವ ಮೀಟರು ಚಾಲಕನ ಎದುರಿಗಿಲ್ಲ, ನಡುಮಧ್ಯದಲ್ಲಿದೆ; ಗೋಡೆ ಗಡಿಯಾರ ನೋಡುವಂತೆ ಓರೆಗಣ್ಣಿನಿಂದ ನೋಡಬೇಕು. ಒಳಗಿನ ಪ್ಲಾಸ್ಟಿಕ್ಕು ಒರಟು. ಮೊದಲ ವರ್ಷಗಳ ಕಾರಿನಲ್ಲಂತೂ ಕಳಪೆಯೆಂದೇ ಹೇಳಬೇಕು, 2013ರ ನಂತರ ಸ್ವಲ್ಪ ಸುಧಾರಿಸಿತು. ಮುಂಗಾಜಿಗೆ ಒಂದೇ ವೈಪರು. ಹಿಂದೆ ಕುಳಿತವರಿಗೆ ಪ್ರತ್ಯೇಕ ತಂಪುಗಾಳಿಯ ಕಿಂಡಿಯಿಲ್ಲ. ಕಾರು ಹಗುರವಾದುದರಿಂದ ಬಾಗಿಲು ಹಾಕಿದರೆ ಗಂಭೀರವಾದ ಸದ್ದು ಬರುವುದಿಲ್ಲ, ಡಬ್ಬದ ಮುಚ್ಚಳದ ಸದ್ದು ಬರುತ್ತದೆ. ಚಕ್ರದ ಸದ್ದು ಒಳಗೆ ಕೇಳುತ್ತದೆ. ರೂಪವೋ, ಹೊಗಳುವವರಿಲ್ಲ.

ಇವೆಲ್ಲ ನಿಜ. ಆದರೆ ಒಂದೊಂದನ್ನೂ ಹಿಂದಿನ ಆಸನದಲ್ಲಿ ಕುಳಿತು ಯೋಚಿಸಿದರೆ ಅರ್ಧ ದೋಷಗಳು ಕರಗುತ್ತವೆ. ಮೀಟರು ಎಲ್ಲಿದ್ದರೆ ತಾಯಿಯವರಿಗೇನು? ವಾಸ್ತವವಾಗಿ, ಮೀಟರು ನಡುವೆ ಇದ್ದುದರಿಂದ ಅವರಿಗೂ ಅದು ಕಾಣುತ್ತದೆ. ಮೊಮ್ಮಗ ಎಂಬತ್ತು ದಾಟಿದ ಕೂಡಲೇ ಹಿಂದಿನಿಂದ ಕೆಮ್ಮುವ ಅನುಕೂಲ ಒದಗಿತು. ತಂಪುಗಾಳಿಯ ಕಿಂಡಿಯಿಲ್ಲದಿರುವುದು ಮಾತ್ರ ಅವರಿಗೂ ತಟ್ಟುವ ಕೊರತೆ. ಚೈತ್ರ ವೈಶಾಖದ ಮಧ್ಯಾಹ್ನ ಮುಂದಿನವರು ನಡುಗುವವರೆಗೆ ಹಿಂದಿನವರಿಗೆ ತಂಪು ತಲಪದು. ಒಂಟಿ ವೈಪರನ್ನು ಕೂಡ ನಾನು ಲಘುವಾಗಿ ತೆಗೆದುಕೊಳ್ಳಲಾರೆ. ಹಿಂಗಾರಿನ ಮಳೆಯಲ್ಲಿ, ಹಾಸನೂರಿನ ಕಾಡಿನಲ್ಲಿ, ಗಾಜಿನ ಮೂಲೆಯೊಂದು ಒರೆಸಿಕೊಳ್ಳದೆ ಉಳಿದರೆ ಅದು ಕಣ್ಣಿಗೆ ಕಟ್ಟಿದ ಪಟ್ಟಿಯಂತೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಮಗನ ಪಟ್ಟಿಯಲ್ಲಿ ಇರಲೇ ಇಲ್ಲ. ಅದು ರಕ್ಷಣೆಯದು. ಮೊದಲ ವರ್ಷಗಳ ಎಟಿಯೋಸಿನಲ್ಲಿ ಅಪಘಾತದ ಹೊತ್ತಿನಲ್ಲಿ ಉಬ್ಬುವ ಗಾಳಿಚೀಲವಾಗಲಿ, ಗಟ್ಟಿಯಾಗಿ ಬ್ರೇಕ್ ತುಳಿದಾಗ ಚಕ್ರ ಜಾರದಂತೆ ಕಾಯುವ ಎ.ಬಿ.ಎಸ್. ಆಗಲಿ ಎಲ್ಲ ದರ್ಜೆಯವಕ್ಕೂ ಇರಲಿಲ್ಲ. ಹೆಚ್ಚು ಹಣ ಕೊಟ್ಟವರಿಗೆ ಇತ್ತು. 2015ರಲ್ಲಿ ಮುಂದಿನ ಎರಡು ಗಾಳಿಚೀಲಗಳನ್ನೂ, 2016ರಲ್ಲಿ ಬಂದ ಪರಿಷ್ಕೃತ ಮಾದರಿಯಲ್ಲಿ ಎ.ಬಿ.ಎಸ್. ಅನ್ನೂ ಎಲ್ಲವಕ್ಕೂ ಕೊಟ್ಟರು. ಕಾನೂನು ಹೇಳುವುದಕ್ಕೆ ಮುಂಚೆಯೇ ಕೊಟ್ಟರೆಂಬುದನ್ನು ಒಪ್ಪಬೇಕು. ಗ್ಲೋಬಲ್ ಎನ್‌ಸಿಎಪಿ ಎಂಬ ಸ್ವತಂತ್ರ ಸಂಸ್ಥೆ ಕಾರನ್ನು ತಡೆಗೆ ಗುದ್ದಿಸಿ ನೋಡಿದಾಗ ಎರಡು ಗಾಳಿಚೀಲವುಳ್ಳ ಎಟಿಯೋಸ್ ದೊಡ್ಡವರ ರಕ್ಷಣೆಯಲ್ಲಿ ಐದರಲ್ಲಿ ನಾಲ್ಕು ನಕ್ಷತ್ರ ಗಳಿಸಿತು. ಡಬ್ಬದ ಸದ್ದಿನ ಬಾಗಿಲೆಂದು ಹೀಗಳೆದವರು ಇದನ್ನು ನೆನಪಿಡಬೇಕು. ಆದರೆ ಆ ಪರೀಕ್ಷೆಯ ಕ್ರಮ ಹಳೆಯದು. 2022ರಿಂದ ಅದು ಬಿಗಿಯಾಗಿದೆ. ಅಂದಿನ ನಾಲ್ಕನ್ನು ಇಂದಿನ ನಾಲ್ಕಕ್ಕೆ ಸಮವೆಂದು ಭಾವಿಸಬಾರದು. ಈ ಒಂದು ವಿಷಯದಲ್ಲಿ ಮಾತ್ರ ನಾನು ಅಗ್ಗಕ್ಕೆ ಮನಸೋಲಬಾರದೆಂದು ನಿಶ್ಚಯಿಸಿದೆ: 2016ರ ಪರಿಷ್ಕೃತ ಮಾದರಿಗೆ ಹಿಂದಿನದು ಬೇಡವೇ ಬೇಡ, ಎಷ್ಟೇ ಕಡಿಮೆಗೆ ಬರಲಿ. ಹಾಗೂ ಹಿಂದೆ ಕುಳಿತವರೂ ಪಟ್ಟಿ ಕಟ್ಟತಕ್ಕದ್ದು. ತಾಯಿಯವರು "ನನ್ನನ್ನು ಕಟ್ಟಿಹಾಕ್ತೀಯಾ?" ಎಂದು ಮುನಿದರು; ಕಟ್ಟಿಹಾಕಿದೆ.

ಹುಡುಕಾಟ ಎರಡು ತಿಂಗಳು ನಡೆಯಿತು. ಇಲ್ಲಿ ಮಗನ 'ಟ್ಯಾಕ್ಸಿ' ಎಂಬ ಮಾತು ಬೇರೊಂದು ರೀತಿಯಲ್ಲಿ ಎದುರಾಯಿತು. ಬಾಡಿಗೆ ಕಾರಿನವರು ಎಟಿಯೋಸನ್ನು ಇಷ್ಟಪಟ್ಟದ್ದು ಅದು ಕೈಕೊಡದೆ ಲಕ್ಷಗಟ್ಟಲೆ ಕಿಲೋಮೀಟರ್ ಓಡುತ್ತದೆಂಬ ಕಾರಣಕ್ಕೆ. ಅದು ಹೊಗಳಿಕೆಯೇ. ಬಿಡಿಭಾಗಗಳು ಊರೂರಿನಲ್ಲಿ ಸಿಗುವುದಕ್ಕೂ, ಸಾಧಾರಣ ಮೆಕ್ಯಾನಿಕ್ಕಿಗೂ ಅದರ ಒಳಗು ತಿಳಿದಿರುವುದಕ್ಕೂ ಅದೇ ಕಾರಣ. ಆದರೆ ಹಾಗೆ ಓಡಿದ ಹಳದಿ ಫಲಕದ ಕಾರುಗಳಲ್ಲಿ ಕೆಲವು ಬಿಳಿ ಫಲಕಕ್ಕೆ ಬದಲಾಗಿ, ಮೀಟರು ಹಿಂದಕ್ಕೆ ತಿರುಗಿ, ಮಾರಾಟಕ್ಕೆ ನಿಲ್ಲುತ್ತವೆ. ನಾವು ಮೊದಲು ನೋಡಿದ ಕಾರಿನ ಮೀಟರು 58 ಸಾವಿರ ತೋರಿಸುತ್ತಿತ್ತು. ನೋಡಲು ಹೊಳಪು. ಜೊತೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಎಂಜಿನ್ನಿನ ಮುಚ್ಚಳವನ್ನು ತೆರೆಯಲೇ ಇಲ್ಲ. ಚಾಲಕನ ಬಾಗಿಲು ತೆರೆದು, ಕ್ಲಚ್ಚಿನ ಪೆಡಲಿನ ರಬ್ಬರನ್ನೂ, ಸ್ಟೇರಿಂಗಿನ ಮೇಲ್ಮೈಯನ್ನೂ, ಆಸನದ ಅಂಚನ್ನೂ ಬೆರಳಿನಿಂದ ತಡವಿ, "ಇದು ಐವತ್ತೆಂಟು ಸಾವಿರದ ಸವೆತವಲ್ಲ ಸಾರ್" ಎಂದ. ನೋಂದಣಿ ಪತ್ರ ನೋಡಿದಾಗ ಅದು ನಾಲ್ಕು ವರ್ಷ ಬಾಡಿಗೆಗೆ ಓಡಿದ್ದು ತಿಳಿಯಿತು. ಮಾರುವವರು ಯಾರೆಂಬುದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ವಾಚಕರಿಗೆ ನನ್ನ ವಿನಂತಿ ಇಷ್ಟೆ: ಕಾರಿನ ಹಳೆಯ ಸರ್ವೀಸ್ ದಾಖಲೆಯನ್ನು ಕೇಳಿ ಪಡೆಯಿರಿ, ಪ್ರತಿ ಸರ್ವೀಸಿನಲ್ಲಿಯೂ ಕಿಲೋಮೀಟರು ಬರೆದಿರುತ್ತಾರೆ. ಮೀಟರನ್ನು ತಿರುಗಿಸಬಹುದು, ಪೆಡಲಿನ ರಬ್ಬರನ್ನು ನೋಡಿ ನಡೆಯಿರಿ.

ಎರಡನೆಯ ಕಾರು ಮೈಸೂರಿನದು, ದೂರದ ಬಂಧುಗಳೊಬ್ಬರದು. ಒಬ್ಬರೇ ಉಪಯೋಗಿಸಿದ್ದು, ಅಚ್ಚುಕಟ್ಟಾಗಿ ಇಟ್ಟದ್ದು, ಇಲ್ಲಿಗಿಂತ ನಲವತ್ತು ಸಾವಿರ ಕಡಿಮೆ. ಮನೆಯವರೆಲ್ಲ ಅದಕ್ಕೇ ಮನಸೋತರು. ಗಡಿಯ ಕುಟುಂಬಗಳು ಎಡವುವುದು ಇಲ್ಲಿಯೇ. ಬೇರೆ ರಾಜ್ಯದ ನೋಂದಣಿಯ ಕಾರನ್ನು ಹನ್ನೆರಡು ತಿಂಗಳಿಗೂ ಮೀರಿ ತಮಿಳುನಾಡಿನಲ್ಲಿ ಇಟ್ಟುಕೊಂಡರೆ 1988ರ ಮೋಟಾರು ವಾಹನ ಕಾಯಿದೆಯ 47ನೆಯ ಪ್ರಕರಣದಂತೆ ಇಲ್ಲಿನ ಹೊಸ ನೋಂದಣಿ ಸಂಖ್ಯೆಗೆ ಅರ್ಜಿ ಹಾಕಲೇಬೇಕು. ಅದಕ್ಕೆ ಮೊದಲು ಅಲ್ಲಿನ ಕಚೇರಿಯಿಂದ 28ನೆಯ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ. ಮಾಲಿಕತ್ವ ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು. ಇಲ್ಲಿ ಹೊಸ ಸಂಖ್ಯೆಗೆ 27ನೆಯದು. ಇಲ್ಲಿನ ರಸ್ತೆ ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು. ಅಲ್ಲಿ ಆಜೀವ ತೆರಿಗೆಯೆಂದು ಕಟ್ಟಿದ್ದರಲ್ಲಿ ಉಳಿದ ಅವಧಿಯ ಪಾಲನ್ನು ಹಿಂದಕ್ಕೆ ಕೇಳಬಹುದು. ಕೇಳಿದ ಹಣ ಬರುವುದಕ್ಕೆ ಓಡಾಟವೂ ತಾಳ್ಮೆಯೂ ಬೇಕು. ಲೆಕ್ಕ ಹಾಕಿ ನೋಡಿದಾಗ ನಲವತ್ತು ಸಾವಿರದ ಲಾಭ ಕಾಗದದಲ್ಲಿಯೇ ಕರಗಿಹೋಯಿತು. ಬಂಧುಗಳದೆಂಬ ದಾಕ್ಷಿಣ್ಯಕ್ಕೆ ಹಳೆಯ ಹೆಸರಿನಲ್ಲಿಯೇ ಓಡಿಸುವವರುಂಟು. ಅಪಘಾತವಾದರೆ ವಿಮೆಯವರು ಮೊದಲು ಕೇಳುವ ಪ್ರಶ್ನೆ ಕಾರು ಯಾರದೆಂದು. ಆಗ ಸಂಬಂಧವೂ ಕೆಡುತ್ತದೆ, ಹಣವೂ ಹೋಗುತ್ತದೆ.

ಇನ್ನೊಂದು ಗಡುವನ್ನೂ ಗಮನದಲ್ಲಿಡಬೇಕು. ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷದ್ದು. ಆಮೇಲೆ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. ಎಟಿಯೋಸಿನ ಮೊದಲ ತಂಡ ಈಗಾಗಲೇ ಆ ಹೊಸಿಲಿಗೆ ಬಂದಿದೆ. ಅಗ್ಗವೆಂದು 2011ರದನ್ನು ಕೊಂಡವರು ಕಾರನ್ನಲ್ಲ, ಕಚೇರಿಯ ಓಡಾಟವನ್ನು ಕೊಂಡಂತಾಗುತ್ತದೆ.

ಈ ನಡುವೆ ಮಗನಿಗೆ ಹೆಣ್ಣು ನೋಡುವ ಮಾತುಕತೆಯೂ ನಡೆಯುತ್ತಿತ್ತು. ಅವನ ಹಿಂಜರಿಕೆಯ ಬೇರು ಅಲ್ಲಿತ್ತೆಂಬುದು ನನಗೆ ತಡವಾಗಿ ತಿಳಿಯಿತು. ಹೆಣ್ಣಿನ ಮನೆಯ ಮುಂದೆ ಬಾಡಿಗೆ ಕಾರಿನಂಥದರಲ್ಲಿ ಇಳಿಯುವುದು ಹೇಗೆಂದು ಅವನ ಅಳುಕು. ನಾನು ಗದರಿಸಲಿಲ್ಲ, ಆ ವಯಸ್ಸಿನಲ್ಲಿ ನನಗೂ ಬಾಡಿಗೆ ಸೈಕಲ್ಲಿನಲ್ಲಿ ಹೋಗಲು ನಾಚಿಕೆಯಿತ್ತು. ಅವನ ತಾಯಿ ಮಾತ್ರ, "ಕಂತು ಕಟ್ಟೋ ಮನೆಗೆ ಬಂದ ಹುಡುಗಿ ಐದು ವರ್ಷ ನಿನ್ನ ಕಾರಿನ ಮುಖ ನೋಡಬೇಕು, ಸೀರೆ ಅಂಗಡಿ ಮುಖ ನೋಡೋ ಹಾಗಿಲ್ಲ" ಎಂದಳು. ಬಿಳಿ ಬಣ್ಣ ಬೇಡವೆಂಬ ಒಂದು ಷರತ್ತಿನ ಮೇಲೆ ಅವನು ಒಪ್ಪಿದ.

ಕೊನೆಗೆ ದೊರೆತದ್ದು ಇಲ್ಲಿಗೆ ಹತ್ತಿರದ ಕೌಂಡಂಪಾಳಯದಲ್ಲಿ. ನಿವೃತ್ತರೊಬ್ಬರ 2018ರ ಪೆಟ್ರೋಲ್ ಎಟಿಯೋಸ್, ಬೂದು ಬಣ್ಣ. ದಾಖಲೆಗಳು ಮೊದಲಿನಿಂದ ಕೊನೆಯವರೆಗೆ ಒಂದೇ ಕಡತದಲ್ಲಿದ್ದವು. ಪೆಡಲಿನ ರಬ್ಬರ್ ನೋಡಿ ಮೆಕ್ಯಾನಿಕ್ ತಲೆಯಾಡಿಸಿದ. ಐದು ಲಕ್ಷ ಇಪ್ಪತ್ತು ಸಾವಿರ. ನಾಲ್ಕು ಟಯರು, ಬ್ಯಾಟರಿ, ಹಿಂಬದಿಯ ಆಘಾತ ತಡೆಯುವ ಎರಡು ಭಾಗ ಬದಲಾಯಿಸಿದ್ದಕ್ಕೆ ಇನ್ನೂ ಮೂವತ್ತು ಸಾವಿರದ ಹತ್ತಿರ. ಮಿತಿಯ ಅಂಚಿಗೆ ಬಂದು ನಿಂತೆವು, ದಾಟಲಿಲ್ಲ. ಕೊಡುವ ಮುನ್ನ ಆ ಹಿರಿಯರು ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತನಾಡುತ್ತ ನಿಂತಿದ್ದರು; ಅದನ್ನು ಬೇಗ ಇಸಕೊಳ್ಳಲು ನನಗೂ ಮನಸ್ಸಾಗಲಿಲ್ಲ.

ಕೊಂಡ ಎರಡನೆಯ ಭಾನುವಾರ ಚಾಮರಾಜನಗರಕ್ಕೆ ಹೊರಟೆವು. ದಿಂಬಂ ಘಟ್ಟದಲ್ಲಿ 2022ರ ಫೆಬ್ರವರಿಯಿಂದ, ಮದ್ರಾಸ್ ಉಚ್ಚ ನ್ಯಾಯಾಲಯದ ಆದೇಶದಂತೆ, ಕಾಡುಪ್ರಾಣಿಗಳ ಹಿತಕ್ಕಾಗಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿರುವುದರಿಂದ ಬೆಳಗಿನ ಹೊತ್ತನ್ನೇ ಆರಿಸಿಕೊಂಡೆವು. ಆ ದಾರಿಯಲ್ಲಿ ಹೋಗುವವರು ಸಂಜೆಗೆ ಮುಂಚೆ ಘಟ್ಟ ಮುಗಿಯುವಂತೆ ಹೊರಡುವುದು ಕ್ಷೇಮ. ಬಣ್ಣಾರಿಯಲ್ಲಿ ಇಳಿದು ತಾಯಿಯವರು ತಾವೇ ನಡೆದು ಹೋಗಿ ಕೈಮುಗಿದು ಬಂದರು. ಒಂಬತ್ತನೆಯ ತಿರುವಿನಲ್ಲಿ ಕಬ್ಬಿನ ಲಾರಿಯೊಂದು ಅಡ್ಡವಾಗಿ, ಇಪ್ಪತ್ತು ನಿಮಿಷ ಏರಿನಲ್ಲಿಯೇ ನಿಂತೆವು. ಹೊರಡುವಾಗ ಎಂಜಿನ್ನು ಕೂಗಿತು, ಮಗ ಹಲ್ಲು ಕಚ್ಚಿದ, ಕಾರು ಹೋಯಿತು. ಇಳಿಜಾರು ಬಂದಾಗ ಎರಡನೆಯ ಗೇರಿನಲ್ಲಿಯೇ ಇಳಿಸಬೇಕೆಂದೂ, ಪೆಟ್ರೋಲು ಉಳಿಯುತ್ತದೆಂದು ನ್ಯೂಟ್ರಲ್ ಮಾಡುವ ಹುಚ್ಚು ಬೇಡವೆಂದೂ ನಾನು ಹೇಳುತ್ತಲೇ ಇದ್ದೆ. ಅವನು ಕೇಳುತ್ತಲೇ ಇದ್ದ ಎಂದು ಭಾವಿಸಿದ್ದೇನೆ.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಕಾರು ನಿಂತ ಕೂಡಲೇ ಓಡಿಬಂದು ಹಿಂದಿನ ಬಾಗಿಲು ತೆರೆದು, ತಾಯಿಯನ್ನು ಹಿಡಿದು ಎತ್ತಲೆಂದು ಎರಡೂ ಕೈ ಒಳಗೆ ಚಾಚಿದಳು. ತಾಯಿಯವರು ಆ ಕೈಗಳನ್ನು ಪಕ್ಕಕ್ಕೆ ಸರಿಸಿ, ಕಾಲುಗಳನ್ನು ಒಂದೊಂದಾಗಿ ಹೊರಗಿಟ್ಟು, ತಾವೇ ಎದ್ದು ನಿಂತು, ಆಮೇಲೆ ಮಗಳನ್ನು ಹಿಡಿದುಕೊಂಡರು. ನಾನು ಡಿಕ್ಕಿ ತೆರೆಯಲು ಹಿಂದಕ್ಕೆ ಹೋದೆ. ತೆಂಗಿನಕಾಯಿ ಚೀಲ ಬಿಚ್ಚಿಕೊಂಡು ಕಾಯಿಗಳೆಲ್ಲ ಮೂಲೆಮೂಲೆಗೆ ಉರುಳಿದ್ದವು. 595 ಲೀಟರಿನ ಡಿಕ್ಕಿಯಲ್ಲಿ ಅವನ್ನು ಹೆಕ್ಕುವುದಕ್ಕೆ ಸಾಕಷ್ಟು ಹೊತ್ತು ಹಿಡಿಯಿತು.